ಮಟನ್, ಮೊಟ್ಟೆ, ಹಾಲು ಬಿಟ್ಟು ಮ್ಯಾರಥಾನ್ ಓಡಬಹುದೇ? ಎರಡು ಬಗೆಯ ಫಾರ್ವರ್ಡ್‌ಗಳು, ಎರಡರಲ್ಲೂ ಅರ್ಧ ಸತ್ಯ

ಹುಕ್ಕೇರಿ ತಾಲ್ಲೂಕಿನ ಕಣಗಲಾ ಪುಣೆ–ಬೆಂಗಳೂರು ಹೆದ್ದಾರಿಗೆ ಅಂಟಿಕೊಂಡ ಊರು. ಬೆಳಗಿನ ಐದಕ್ಕೆ ಎದ್ದು ನೋಡಿದರೆ ಹೊಲದ ರಸ್ತೆಗಳಲ್ಲಿ ಹುಡುಗರು ಓಡುತ್ತಿರುತ್ತಾರೆ. ಹೆಚ್ಚಿನವರು ಪೊಲೀಸ್ ಅಥವಾ ಸೈನ್ಯದ ಭರ್ತಿಗಾಗಿ 1,600 ಮೀಟರ್ ಓಟಕ್ಕೆ ತಯಾರಾಗುವವರು. ಈಚೆಗೆ ಅವರಲ್ಲಿ ಕೆಲವರಿಗೆ 10 ಕಿ.ಮೀ., ಹಾಫ್ ಮ್ಯಾರಥಾನ್ ಹುಚ್ಚೂ ಹಿಡಿದಿದೆ. ಗೋಕಾಕ, ಮೂಡಲಗಿ ಕಡೆಯೂ ಇದೇ ಕಥೆ. ಓಟದ ಗುಂಪು ಆದ ಮೇಲೆ ವಾಟ್ಸಾಪ್ ಗುಂಪು ಆಗಲೇಬೇಕು. ಗುಂಪು ಆದ ಮೇಲೆ ಫಾರ್ವರ್ಡ್ ಬರಲೇಬೇಕು.

ಬರುವ ಸಂದೇಶಗಳು ಎರಡೇ ಬಗೆ. ಒಂದರ ಪ್ರಕಾರ ಮಟನ್, ಮೊಟ್ಟೆ ಇಲ್ಲದೆ ದಮ್ಮು ಬರುವುದಿಲ್ಲ, ರೊಟ್ಟಿ-ಪಲ್ಯ ತಿನ್ನುವವರು ಅರ್ಧ ದಾರಿಯಲ್ಲೇ ಕೂರುತ್ತಾರೆ. ಇನ್ನೊಂದು ಇದಕ್ಕೆ ಪೂರ್ತಿ ಉಲ್ಟಾ. ಆನೆ, ಕುದುರೆ ಹುಲ್ಲು ತಿಂದೇ ಬಲಶಾಲಿ ಆಗಿಲ್ಲವೇ? ಹಾಗಾಗಿ ಮಾಂಸವಷ್ಟೇ ಅಲ್ಲ, ಹಾಲು-ಮೊಸರನ್ನೂ ಬಿಡಿ, ಗಿಡದಿಂದ ಬಂದದ್ದನ್ನಷ್ಟೇ ತಿನ್ನಿ, ಯಾವ ಮಾತ್ರೆಯೂ ಬೇಡ.

ನನ್ನ ಕಾಕಾನ ಮಗ ಎರಡನೆಯದನ್ನು ನಂಬಿದ. ಅವರ ಮನೆಯಲ್ಲಿ ಮೊದಲಿನಿಂದಲೂ ಮಾಂಸ ಇಲ್ಲ. ಇವನು ಹಾಲು, ಮಜ್ಜಿಗೆಯನ್ನೂ ಬಿಟ್ಟ. ಓಟ ಚೆನ್ನಾಗಿಯೇ ಸಾಗಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಅಂಗಾಲು ಜುಮುಜುಮು ಅನ್ನತೊಡಗಿತು. "ಬೂಟು ಬಿಗಿ ಆಗ್ಯಾವ" ಎಂದು ಬೂಟು ಬದಲಿಸಿದ. ಆಮೇಲೆ ಏರು ಹತ್ತುವಾಗ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತಳ ಮುಟ್ಟಿತ್ತು. ಈ ಲೇಖನ ಬರೆಯಲು ಅವನೇ ಕಾರಣ. ನಾನು ವೈದ್ಯೆಯಲ್ಲ, ಸಂವಹನ ಓದಿಕೊಂಡವಳು. ಯಾವ ಸಂದೇಶ ಹೇಗೆ ಹಬ್ಬುತ್ತದೆ ಎಂದು ನೋಡುವುದು ನನ್ನ ಕೆಲಸ. ಇಲ್ಲಿರುವ ಅಂಕಿಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಪ್ರಕಟವಾದ ಅಧ್ಯಯನಗಳವು.

ಮೊದಲು ಒಂದು ಗೊಂದಲ ಬಗೆಹರಿಸೋಣ

ನಾವು "ಸಸ್ಯಾಹಾರಿ" ಎಂದಾಗ ಹಾಲು, ಮೊಸರು, ತುಪ್ಪ ಅದರಲ್ಲಿ ಸೇರಿಯೇ ಇರುತ್ತವೆ. ಅಂಗಡಿಯ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೂ ಅಷ್ಟನ್ನೇ ಹೇಳುತ್ತದೆ. ಹಾಲು, ತುಪ್ಪ, ಜೇನು ಯಾವುದೂ ಇಲ್ಲದ ಊಟಕ್ಕೆ "ವೀಗನ್" ಎನ್ನುತ್ತಾರೆ. ಅದಕ್ಕೆ ಭಾರತದಲ್ಲಿ 2022ರಿಂದ ಬೇರೆಯೇ ನಿಯಮ, ಬೇರೆಯೇ ಗುರುತು ಇದೆ. ಫಾರ್ವರ್ಡ್‌ಗಳು ಈ ಎರಡನ್ನೂ ಕಲಸಿಬಿಡುತ್ತವೆ. ವಿರಾಟ್ ಕೊಹ್ಲಿ ವೀಗನ್ ಎಂಬ ಸಂದೇಶ ನೀವೂ ನೋಡಿರಬಹುದು. 2021ರಲ್ಲಿ ಅವರು ತಮ್ಮ ಊಟದ ಪಟ್ಟಿಯಲ್ಲಿ ಮೊಟ್ಟೆಯನ್ನೂ ಹೇಳಿದಾಗ ಜನ ತಿರುಗಿಬಿದ್ದರು. ತಾನು ವೀಗನ್ ಎಂದು ಎಂದೂ ಹೇಳಿಕೊಂಡಿಲ್ಲ, ಸಸ್ಯಾಹಾರಿ ಎಂದಷ್ಟೇ ಹೇಳಿದ್ದೆ ಎಂದು ಅವರೇ ಸ್ಪಷ್ಟಪಡಿಸಬೇಕಾಯಿತು.

ಈ ವ್ಯತ್ಯಾಸ ಬರೀ ಶಬ್ದದ್ದಲ್ಲ. ಹಾಲು-ಮೊಸರು ತಿನ್ನುವ ಓಟಗಾರನಿಗೆ ಬೇಕಾದ ಎಚ್ಚರಿಕೆ ಒಂದು ಮಟ್ಟದ್ದಾದರೆ, ಅದನ್ನೂ ಬಿಟ್ಟವನಿಗೆ ಬೇಕಾದದ್ದು ಅದರ ಎರಡರಷ್ಟು.

ದೂರದ ಓಟಕ್ಕೆ ಇಂಧನ ಯಾವುದು?

ಉತ್ತರ ಮಾಂಸ ಅಲ್ಲ. ಹೆಚ್ಚು ಹೊತ್ತು, ತುಸು ಜೋರಾಗಿ ಓಡುವಾಗ ಸ್ನಾಯು ಮುಖ್ಯವಾಗಿ ಉರಿಸುವುದು ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ. ಅದು ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುತ್ತದೆ. ಒಟ್ಟು ಸುಮಾರು 400–500 ಗ್ರಾಂ, ಶಕ್ತಿಯ ಲೆಕ್ಕದಲ್ಲಿ 2,000 ಕ್ಯಾಲೊರಿಯ ಆಸುಪಾಸು. ಒಂದು ಕಿ.ಮೀ. ಓಡಲು ದೇಹದ ಪ್ರತಿ ಕೆ.ಜಿ. ತೂಕಕ್ಕೆ ಹೆಚ್ಚುಕಮ್ಮಿ 1 ಕ್ಯಾಲೊರಿ ಖರ್ಚು. 60 ಕೆ.ಜಿ.ಯವನು 42.195 ಕಿ.ಮೀ. ಓಡಿದರೆ 2,500 ಕ್ಯಾಲೊರಿ ದಾಟುತ್ತದೆ. ಸಂಗ್ರಹಕ್ಕಿಂತ ಖರ್ಚು ಹೆಚ್ಚು. ಒಂದಷ್ಟು ಕೊಬ್ಬಿನಿಂದ ಬರುತ್ತದೆ, ಆದರೆ ಅದು ನಿಧಾನ. ಮ್ಯಾರಥಾನ್ ಓಡಿದವರು 30ನೇ ಕಿ.ಮೀ. ಸುಮಾರಿಗೆ ಕಾಲಲ್ಲಿ ಜೀವವೇ ಇರಲಿಲ್ಲ ಎನ್ನುವುದು ಇದಕ್ಕೇ.

ಕ್ರೀಡಾ ಪೋಷಣೆಯ ಕುರಿತು ಅಮೆರಿಕ ಮತ್ತು ಕೆನಡಾದ ಮೂರು ಸಂಸ್ಥೆಗಳು 2016ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯಂತೆ, ದಿನಕ್ಕೆ ಒಂದರಿಂದ ಮೂರು ಗಂಟೆ ಕಠಿಣ ಅಭ್ಯಾಸ ಮಾಡುವವರಿಗೆ ಪ್ರತಿ ಕೆ.ಜಿ. ತೂಕಕ್ಕೆ 6ರಿಂದ 10 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಇದು ಜೋಳ, ಅಕ್ಕಿ, ಗೋಧಿ, ಬಾಳೆಹಣ್ಣು, ಬೆಲ್ಲದಿಂದ ಬರಬೇಕೇ ಹೊರತು ಮಟನ್‌ನಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಕೀನ್ಯಾದ ಹತ್ತು ಮಂದಿ ಅಗ್ರ ಓಟಗಾರರ ಊಟವನ್ನು ಒಂದು ವಾರ ತೂಗಿ ಅಳೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅವರ ಶಕ್ತಿಯ ಮುಕ್ಕಾಲು ಭಾಗ ಬಂದದ್ದು ಕಾರ್ಬೋಹೈಡ್ರೇಟ್‌ನಿಂದ. ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಂಥ ಉಗಾಲಿ, ಅನ್ನ, ಸೊಪ್ಪು, ಸಕ್ಕರೆ ಹಾಕಿದ ಹಾಲಿನ ಚಹಾ. ಆದರೆ ಗಮನಿಸಿ, ಅವರು ವೀಗನ್ ಅಲ್ಲ. ಹಾಲು ಇತ್ತು, ಸ್ವಲ್ಪ ಮಾಂಸವೂ ಇತ್ತು.

ಹಾಗಾದರೆ ಪೂರ್ತಿ ಸಸ್ಯಾಹಾರದಲ್ಲಿ ಗೆದ್ದವರು ಇದ್ದಾರೆಯೇ? ಇದ್ದಾರೆ. ಅಮೆರಿಕದ ಸ್ಕಾಟ್ ಜ್ಯೂರೆಕ್ ವೀಗನ್. ವೆಸ್ಟರ್ನ್ ಸ್ಟೇಟ್ಸ್ ಎಂಬ 100 ಮೈಲಿಯ ಗುಡ್ಡಗಾಡು ಓಟವನ್ನು 1999ರಿಂದ 2005ರವರೆಗೆ ಸತತ ಏಳು ಬಾರಿ ಗೆದ್ದವರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಐದು ಮೈಲಿ ಓಟದ ಚಿನ್ನ ಗೆದ್ದ ಎಮಿಲ್ ವಾಯ್ಟ್ ಸಸ್ಯಾಹಾರಿ. ಪಂಜಾಬ್ ಮೂಲದ ಫೌಜಾ ಸಿಂಗ್ 2011ರಲ್ಲಿ, ನೂರರ ವಯಸ್ಸಿನಲ್ಲಿ ಟೊರೊಂಟೊ ಮ್ಯಾರಥಾನ್ ಮುಗಿಸಿದಾಗ ಅವರ ಊಟ ರೊಟ್ಟಿ, ಬೇಳೆ, ತರಕಾರಿ, ಹಾಲು-ಮೊಸರು. ಜನನ ಪ್ರಮಾಣಪತ್ರ ಇಲ್ಲದ ಕಾರಣ ಗಿನ್ನೆಸ್ ಅದನ್ನು ದಾಖಲಿಸಿಕೊಳ್ಳಲಿಲ್ಲ, ಅದು ಬೇರೆ ಮಾತು.

ಹೆಸರಿನ ಪಟ್ಟಿ ಎಷ್ಟು ಉದ್ದವಾದರೂ ಪುರಾವೆ ಆಗುವುದಿಲ್ಲ. ಮಾಂಸ ತಿಂದು ಗೆದ್ದವರ ಪಟ್ಟಿ ಇನ್ನೂ ಉದ್ದ ಇದೆ. ಹೋಲಿಸಿ ನೋಡಿದ ಅಧ್ಯಯನ ಬೇಕು. ಅಮೆರಿಕದಲ್ಲಿ 27 ಸಸ್ಯಾಹಾರಿ ಮತ್ತು 43 ಮಿಶ್ರಾಹಾರಿ ಓಟಗಾರರು, ಸೈಕ್ಲಿಸ್ಟ್‌ಗಳನ್ನು ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಬಂತು. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಅಳತೆಯಲ್ಲಿ ಗಂಡಸರ ನಡುವೆ ವ್ಯತ್ಯಾಸ ಇರಲಿಲ್ಲ. ಹೆಂಗಸರಲ್ಲಿ ಸಸ್ಯಾಹಾರಿಗಳೇ ತುಸು ಮುಂದಿದ್ದರು. ಕಾಲಿನ ಬಲದಲ್ಲಿ ಎರಡೂ ಕಡೆ ಸಮ. ಸಣ್ಣ ಅಧ್ಯಯನ, ಒಂದೇ ಸಲ ಅಳೆದದ್ದು. ಆದ್ದರಿಂದ "ಸಸ್ಯಾಹಾರ ಓಟವನ್ನು ಹೆಚ್ಚಿಸುತ್ತದೆ" ಎನ್ನಲು ಇದು ಸಾಲದು. "ಸಸ್ಯಾಹಾರಿ ಓಡಲಾರ" ಎನ್ನುವ ಮಾತು ಸುಳ್ಳು ಎನ್ನಲು ಧಾರಾಳ ಸಾಕು.

ಶ್ರೀಶೈಲದ ದಾರಿ

ದೂರದ ಉದಾಹರಣೆ ಯಾಕೆ, ನಮ್ಮದೇ ಇದೆಯಲ್ಲ ಎಂದು ನಿಮಗೆ ಅನ್ನಿಸಿರಬಹುದು. ಪ್ರತಿ ವರ್ಷ ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಸಾವಿರಾರು ಮಂದಿ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಗೋಕಾಕ ಕಡೆಯಿಂದ ಹೊರಟರೆ ನಾನೂರು ಕಿ.ಮೀ.ಗೂ ಹೆಚ್ಚು ದಾರಿ, ಅದೂ ಬೇಸಿಗೆಯ ಬಿಸಿಲಲ್ಲಿ. ಕೆಲವರು ಮರಗಾಲು ಕಟ್ಟಿಕೊಂಡೂ ಹೋಗುತ್ತಾರೆ. ದಾರಿಯುದ್ದಕ್ಕೂ ದಾಸೋಹದಲ್ಲಿ ಸಿಗುವುದು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮಾದಲಿ, ಅನ್ನ-ಸಾರು, ಮಜ್ಜಿಗೆ. ಮಟನ್ ಎಲ್ಲೂ ಇಲ್ಲ.

ದಿನಗಟ್ಟಲೆ ದೇಹವನ್ನು ನಡೆಸಲು ಈ ಊಟ ಸಾಕು ಎನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಇದನ್ನೂ ಎಳೆದು ಉದ್ದ ಮಾಡಬಾರದು. ನಡಿಗೆ ಬೇರೆ, ಓಟ ಬೇರೆ. ನಡಿಗೆಯಲ್ಲಿ ಕೊಬ್ಬು ಹೆಚ್ಚು ಉರಿಯುತ್ತದೆ, ಗ್ಲೈಕೋಜನ್ ಅಷ್ಟು ಬೇಗ ಖಾಲಿಯಾಗುವುದಿಲ್ಲ. ಪಾದಯಾತ್ರೆ ವರ್ಷಕ್ಕೊಮ್ಮೆ, ಮ್ಯಾರಥಾನ್ ತಯಾರಿ ತಿಂಗಳುಗಟ್ಟಲೆ. ಅಲ್ಲಿ ಮಜ್ಜಿಗೆಯೂ ಇದೆ, ಅದನ್ನು ಮರೆಯಬೇಡಿ.

ಪ್ರೋಟೀನ್ ಎಲ್ಲಿಂದ? ತಟ್ಟೆ ಇಟ್ಟುಕೊಂಡು ಲೆಕ್ಕ ಹಾಕೋಣ

ಸಾಮಾನ್ಯ ಆರೋಗ್ಯವಂತರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಕಠಿಣ ಅಭ್ಯಾಸ ಮಾಡುವವರಿಗೆ 1.2ರಿಂದ 2 ಗ್ರಾಂ ಬೇಕು ಎನ್ನುತ್ತದೆ ಮೇಲೆ ಹೇಳಿದ 2016ರ ಮಾರ್ಗಸೂಚಿ. 60 ಕೆ.ಜಿ.ಯ ಓಟಗಾರನಿಗೆ 1.4ರ ಲೆಕ್ಕ ಹಿಡಿದರೆ 84 ಗ್ರಾಂ.

ಈಗ ನಮ್ಮ ಕಡೆಯ ತಟ್ಟೆ ನೋಡಿ. ಜೋಳದ ಹಿಟ್ಟಿನಲ್ಲಿ ಪ್ರತಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್. ರೊಟ್ಟಿಯೊಂದಕ್ಕೆ 60 ಗ್ರಾಂ ಹಿಟ್ಟು ಎಂದುಕೊಂಡರೆ ದಿನಕ್ಕೆ ಐದು ರೊಟ್ಟಿಯಲ್ಲಿ 30 ಗ್ರಾಂ. ಅಕ್ಕಿಗಿಂತ ಜೋಳ ಇಲ್ಲಿ ಒಂದು ಕೈ ಮೇಲು. ಮಡಕಿ ಕಾಳು 60 ಗ್ರಾಂ ಇದ್ದರೆ 12 ಗ್ರಾಂ. ತೊಗರಿ ಅಥವಾ ಹೆಸರುಬೇಳೆ 60 ಗ್ರಾಂಗೆ 13. ಶೇಂಗಾ 50 ಗ್ರಾಂಗೆ ಸುಮಾರು 12. ಒಟ್ಟು 67. ಸಾಮಾನ್ಯ ದಿನಕ್ಕೆ ಧಾರಾಳ. ಆದರೆ 84ಕ್ಕೆ ಇನ್ನೂ 17 ಗ್ರಾಂ ಬೇಕು. ಅರ್ಧ ಲೀಟರ್ ಹಾಲು ಕುಡಿಯುವವನಿಗೆ ಅದು ಅಲ್ಲೇ ಸಿಕ್ಕಿತು. ಹಾಲು ಬಿಟ್ಟವನು 35–40 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯ ಮಾಡಿಕೊಂಡರೆ ಸಾಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೇಲಿನ ಲೆಕ್ಕದಲ್ಲಿ ಕಾಳು, ಬೇಳೆ ಎಷ್ಟಿವೆ ಎಂದು ಮತ್ತೊಮ್ಮೆ ನೋಡಿ. ನಮ್ಮ ಮನೆಗಳಲ್ಲಿ ನಿಜವಾಗಿ ತಟ್ಟೆಗೆ ಬೀಳುವುದು ತಿಳಿಸಾರು. ಬೇಳೆ ಪಾತ್ರೆಯ ತಳದಲ್ಲಿ ಉಳಿದಿರುತ್ತದೆ. ಸಸ್ಯಾಹಾರದಲ್ಲಿ ಪ್ರೋಟೀನ್ ಇಲ್ಲ ಎನ್ನುವುದು ಸುಳ್ಳು, ಆದರೆ ರೊಟ್ಟಿ-ಚಟ್ನಿ ಮಾತ್ರ ತಿಂದು ಇದೆ ಎಂದುಕೊಳ್ಳುವುದೂ ಸುಳ್ಳೇ. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಸಾಕಷ್ಟಿದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ, ಒಂದೇ ದಿನದಲ್ಲಿ ಇದ್ದರೆ ಆಯಿತು.

ಸೋಯಾ ಎಂದ ಕೂಡಲೇ ಗುಂಪಿನಲ್ಲಿ ಯಾರಾದರೂ "ಅದು ಗಂಡಸರಿಗೆ ಆಗಿಬರಲ್ಲ, ಹೆಣ್ಣಿನ ಹಾರ್ಮೋನ್ ಏರುತ್ತದೆ" ಎಂದು ಹಾಕುತ್ತಾರೆ. ಸೋಯಾದಲ್ಲಿರುವ ಐಸೊಫ್ಲೇವೋನ್‌ಗಳು ಈಸ್ಟ್ರೋಜನ್‌ನ ರಚನೆಯನ್ನು ಹೋಲುತ್ತವೆ, ಅಷ್ಟು ನಿಜ. ಆದರೆ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲೂ 2021ರಲ್ಲೂ ಮಾಡಿದ ವಿಶ್ಲೇಷಣೆಗಳಲ್ಲಿ ಸೋಯಾ ತಿಂದ ಗಂಡಸರ ಟೆಸ್ಟೊಸ್ಟೆರಾನ್ ಕಡಿಮೆಯಾಗಿರಲಿಲ್ಲ. ಬೆಳಗಾವಿ ಜಿಲ್ಲೆಯ ರೈತರು ಮುಂಗಾರಿನಲ್ಲಿ ಎಕರೆಗಟ್ಟಲೆ ಸೋಯಾಬೀನ್ ಬೆಳೆದು ಮಾರುತ್ತಾರೆ. ಮನೆಗೆ ತಂದು ತಿನ್ನುವವರು ಮಾತ್ರ ಕಡಿಮೆ.

ಆನೆಗೆ ಸಿಗುವ ಬಿ12 ನಮಗೇಕೆ ಸಿಗುವುದಿಲ್ಲ?

ಈಗ ಆ ಆನೆ-ಕುದುರೆಯ ಫಾರ್ವರ್ಡ್. ಆನೆ, ಕುದುರೆಗಳ ದೊಡ್ಡ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಯಿಸಿ ಶಕ್ತಿಯಾಗಿ ಮಾರ್ಪಡಿಸುತ್ತವೆ. ಹಸುವಿಗೆ ಅದೇ ಕೆಲಸಕ್ಕೆ ಬೇರೆ ಹೊಟ್ಟೆಯೇ ಇದೆ. ಬಿ12 ಜೀವಸತ್ವವನ್ನು ಗಿಡಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯಾಗಳಂಥ ಸೂಕ್ಷ್ಮಜೀವಿಗಳು ಮಾತ್ರ. ಹಸುವಿನ ಹೊಟ್ಟೆಯಲ್ಲಿ ಅವು ತಯಾರಿಸಿದ್ದು ಹಾಲಿಗೆ, ಮಾಂಸಕ್ಕೆ ಬರುತ್ತದೆ. ನಮ್ಮ ಕರುಳಿನಲ್ಲೂ ಅಂಥ ಬ್ಯಾಕ್ಟೀರಿಯಾ ಇವೆ, ಆದರೆ ಅವು ಇರುವುದು ದೊಡ್ಡ ಕರುಳಿನಲ್ಲಿ. ಬಿ12 ಹೀರಿಕೊಳ್ಳುವ ಜಾಗ ಇರುವುದು ಅದಕ್ಕೂ ಮೊದಲು, ಸಣ್ಣ ಕರುಳಿನ ಕೊನೆಯಲ್ಲಿ. ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬಂದಂತೆ.

ಹೀಗಾಗಿ ಜೋಳ, ಕಾಳು, ಸೊಪ್ಪು, ಹಣ್ಣು ಎಷ್ಟೇ ತಿಂದರೂ ಬಿ12 ಬರುವುದಿಲ್ಲ. ಇಡ್ಲಿ ಹಿಟ್ಟು ಹುಳಿಯುವುದರಿಂದ, ಸ್ಪಿರುಲಿನಾ ಪುಡಿಯಿಂದ ಸಿಗುತ್ತದೆ ಎನ್ನುವ ಸಂದೇಶಗಳನ್ನು ನಂಬಿ ಕೂರಬೇಡಿ. ಸ್ಪಿರುಲಿನಾದಲ್ಲಿ ಇರುವ ಬಹುಪಾಲು ಬಿ12ರಂತೆ ಕಾಣುವ, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪ.

ಇದು ನಮಗೆ ದೂರದ ಅಪಾಯವೂ ಅಲ್ಲ. ಇದೇ ಹೆದ್ದಾರಿಯ ಆ ತುದಿಯ ಪುಣೆಯಲ್ಲಿ 441 ಗಂಡಸರನ್ನು, ಹಳ್ಳಿಯವರು, ಕೊಳೆಗೇರಿಯವರು, ನಗರದ ಮಧ್ಯಮ ವರ್ಗದವರು ಎಲ್ಲರನ್ನೂ ಸೇರಿಸಿ ಪರೀಕ್ಷಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 67% ಮಂದಿಯಲ್ಲಿ ಬಿ12 ಕಡಿಮೆ ಇತ್ತು. ಸಸ್ಯಾಹಾರಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಯಕೃತ್ತಿನಲ್ಲಿ ಬಿ12 ವರ್ಷಗಟ್ಟಲೆ ಸಂಗ್ರಹ ಇರುತ್ತದೆ ಎನ್ನುತ್ತಾರಲ್ಲ, ಅದು ತುಂಬಿದ ಕಣಜ ಇದ್ದವರ ಮಾತು. ಚಹಾಕ್ಕೆ ಹಾಕುವಷ್ಟೇ ಹಾಲು ಕಂಡವರ ಕಣಜ ಮೊದಲೇ ಅರ್ಧ ಖಾಲಿ. ಅಂಥವರು ಅದನ್ನೂ ಬಿಟ್ಟರೆ ನನ್ನ ತಮ್ಮನಿಗೆ ಆದದ್ದೇ ಆಗುತ್ತದೆ.

ಕೊರತೆಯಾದರೆ ರಕ್ತಕಣ ತಯಾರಿ ಕೆಡುತ್ತದೆ, ಸುಸ್ತು, ಏದುಸಿರು. ನರಗಳ ಹೊದಿಕೆ ಹಾಳಾಗಿ ಕೈಕಾಲು ಜೋಮು ಹಿಡಿಯುತ್ತದೆ, ನಡಿಗೆಯ ಸಮತೋಲನ ತಪ್ಪುತ್ತದೆ. ತುಂಬ ತಡವಾದರೆ ನರದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು. ಇನ್ನೊಂದು ಮೋಸ ಇದೆ. ಸುಸ್ತು ಎಂದು ತಾವೇ ಫೋಲಿಕ್ ಆಮ್ಲದ ಮಾತ್ರೆ ನುಂಗಿದರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರದ ಹಾನಿ ಮುಂದುವರಿಯುತ್ತಲೇ ಇರುತ್ತದೆ.

ಪರಿಹಾರ ದುಬಾರಿಯಲ್ಲ. ವೀಗನ್ ಊಟದ ಪರವಾಗಿಯೇ ಇರುವ ಬ್ರಿಟನ್ನಿನ ವೀಗನ್ ಸೊಸೈಟಿ ಕೂಡ ದಿನಕ್ಕೆ 10 ಮೈಕ್ರೊಗ್ರಾಂ ಅಥವಾ ವಾರಕ್ಕೆ 2,000 ಮೈಕ್ರೊಗ್ರಾಂ ಬಿ12 ಮಾತ್ರೆ ತೆಗೆದುಕೊಳ್ಳಿ ಎಂದೇ ಹೇಳುತ್ತದೆ. ಮಾತ್ರೆಯ ಬಿ12 ಅನ್ನು ಬ್ಯಾಕ್ಟೀರಿಯಾಗಳಿಂದಲೇ ತಯಾರಿಸುತ್ತಾರೆ, ಪ್ರಾಣಿಯಿಂದಲ್ಲ. ಈಗಾಗಲೇ ಕೊರತೆ ಇದ್ದವರಿಗೆ ಈ ಪ್ರಮಾಣ ಸಾಲದು, ಚುಚ್ಚುಮದ್ದು ಬೇಕಾಗಬಹುದು. ಅದನ್ನು ವೈದ್ಯರು ನಿರ್ಧರಿಸಲಿ. ನನ್ನ ತಮ್ಮನಿಗೂ ಚುಚ್ಚುಮದ್ದೇ ಕೊಟ್ಟರು. ಏದುಸಿರು ಬೇಗ ಹೋಯಿತು, ಅಂಗಾಲಿನ ಜುಮುಜುಮು ಹೋಗಲು ತಿಂಗಳುಗಳೇ ಹಿಡಿದವು.

ಹುಡುಗಿಯರು ಓದಲೇಬೇಕಾದ ಭಾಗ

ಓಡುವವರ ಕಬ್ಬಿಣಾಂಶ ಬೇಗ ಕರಗುತ್ತದೆ. ಪ್ರತಿ ಹೆಜ್ಜೆಗೆ ಅಂಗಾಲು ನೆಲಕ್ಕೆ ಬಡಿದಾಗ ಒಂದಷ್ಟು ರಕ್ತಕಣ ಒಡೆಯುತ್ತವೆ, ಬೆವರಿನಲ್ಲೂ ತುಸು ಹೋಗುತ್ತದೆ. ಜೊತೆಗೆ ಕಠಿಣ ಓಟದ ನಂತರ ಕೆಲವು ಗಂಟೆ ಕರುಳು ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳಿಗೆ ಮುಟ್ಟಿನ ನಷ್ಟ ಬೇರೆ. ದಿನಕ್ಕೆ ಗಂಡಸರಿಗೆ 19 ಮಿ.ಗ್ರಾಂ, ಹೆಂಗಸರಿಗೆ 29 ಮಿ.ಗ್ರಾಂ ಕಬ್ಬಿಣ ಬೇಕು ಎಂಬುದು ನಮ್ಮ ದೇಶದ ಶಿಫಾರಸು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15–49 ವಯಸ್ಸಿನ ಹೆಂಗಸರಲ್ಲಿ 47.8% ಮಂದಿಗೆ ರಕ್ತಹೀನತೆ. ಓಡಲು ನಿಲ್ಲುವ ಮೊದಲೇ ಅರ್ಧದಷ್ಟು ಜನ ಹಿಂದೆ ಬಿದ್ದಿದ್ದಾರೆ ಎಂದಾಯಿತು.

ಸಸ್ಯದ ಕಬ್ಬಿಣವನ್ನು ದೇಹ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಆದರೆ ಅಡುಗೆಮನೆಯಲ್ಲೇ ಉಪಾಯ ಇದೆ. ಸಜ್ಜಿ ರೊಟ್ಟಿಯಲ್ಲಿ ಜೋಳದ ರೊಟ್ಟಿಗಿಂತ ಹೆಚ್ಚು ಕಬ್ಬಿಣವಿದೆ. ಮಡಕಿ, ಹೆಸರು ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ. ಊಟದ ಮೇಲೆ ನಿಂಬೆ ಹಿಂಡಿ, ಜೊತೆಗೆ ಪೇರಲವೋ ನೆಲ್ಲಿಕಾಯಿಯೋ ಇರಲಿ. ಊಟ ಮುಗಿದ ಕೂಡಲೇ ಚಹಾ ಕುಡಿಯುವ ನಮ್ಮ ಚಾಳಿ ಮಾತ್ರ ಬಿಡಬೇಕು, ಒಂದು ಗಂಟೆಯಾದರೂ ಅಂತರ ಇರಲಿ. ಬೆಲ್ಲ ತಿಂದರೆ ರಕ್ತ ತುಂಬುತ್ತದೆ ಎಂಬ ಸಂದೇಶವನ್ನು ಅಷ್ಟಾಗಿ ನೆಚ್ಚಬೇಡಿ. 100 ಗ್ರಾಂ ಬೆಲ್ಲದಲ್ಲಿ ಸಿಗುವುದು 4–5 ಮಿ.ಗ್ರಾಂ ಕಬ್ಬಿಣ. ದಿನಕ್ಕೆ ಅಷ್ಟು ಬೆಲ್ಲ ಯಾರು ತಿನ್ನುತ್ತಾರೆ?

ಇದಕ್ಕಿಂತ ದೊಡ್ಡ ಸಮಸ್ಯೆ ಹೊಟ್ಟೆ ತುಂಬಿಯೂ ಶಕ್ತಿ ಸಾಲದಿರುವುದು. ಸೊಪ್ಪು, ಕಾಳು, ತರಕಾರಿಯಲ್ಲಿ ನಾರು ಹೆಚ್ಚು, ಬೇಗ ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಕಡಿಮೆ. ಓಟದ ಖರ್ಚು ದೊಡ್ಡದು. ತಿಂಗಳುಗಟ್ಟಲೆ ಹೀಗೇ ನಡೆದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗಿ ಸಣ್ಣ ಬಿರುಕು ಬೀಳುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟು ಎಚ್ಚರಿಸಿತು. ಗಂಡಸರಿಗೂ ಇದು ತಪ್ಪಿದ್ದಲ್ಲ. "ಓಡೋ ಹುಡುಗಿಗೆ ಮುಟ್ಟು ತಪ್ಪೋದು ಮಾಮೂಲು" ಎಂದು ಯಾರಾದರೂ ಹೇಳಿದರೆ ನಂಬದೆ ವೈದ್ಯರಲ್ಲಿಗೆ ಹೋಗಿ.

ಇಂಥ ಹೊತ್ತಿಗೆ ನಮ್ಮ ಗೋಕಾಕದ ಕರದಂಟು ಒಳ್ಳೆಯದು. ಅಂಟು, ಒಣಕೊಬ್ಬರಿ, ಬೆಲ್ಲ, ಒಣಹಣ್ಣು ಸೇರಿ ಸಣ್ಣ ತುಂಡಿನಲ್ಲೇ ದಂಡಿಯಾಗಿ ಶಕ್ತಿ. ತುಪ್ಪ ಹಾಕಿರುತ್ತಾರೆ, ಹಾಗಾಗಿ ವೀಗನ್ ಆದವರು ಕೇಳಿ ಕೊಳ್ಳಬೇಕು. ಅಭ್ಯಾಸ ಮುಗಿಸಿ ಮನೆಗೆ ಬಂದ ಮೇಲೆ ತಿನ್ನಿ. ಓಟದ ನಡುವೆ ಬೇಡ, ಕೊಬ್ಬು ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಹಾಲು ಬಿಟ್ಟವರು ಕ್ಯಾಲ್ಸಿಯಂ ಕಡೆಗೂ ನೋಡಬೇಕು. ದಿನಕ್ಕೆ 1,000 ಮಿ.ಗ್ರಾಂ ಬೇಕು, ರಾಗಿಯಲ್ಲಿ 100 ಗ್ರಾಂಗೆ ಸುಮಾರು 360 ಇದೆ. ನಮ್ಮ ಕಡೆ ರಾಗಿ ಬಳಕೆ ಕಡಿಮೆ, ಅಂಬಲಿಯಿಂದಾದರೂ ಶುರು ಮಾಡಬಹುದು.

ಓಟದ ಹಿಂದಿನ ರಾತ್ರಿ

ವರ್ಷವಿಡೀ ಒಳ್ಳೆಯದು ಎಂದು ಹೊಗಳಿದ ಊಟವನ್ನೇ ಈ ಒಂದು ರಾತ್ರಿ ಬಿಡಿ ಎನ್ನಬೇಕಾಗಿದೆ. ಜೋಳದ ರೊಟ್ಟಿ, ಮಡಕಿ ಉಸುಳಿ, ಪುಂಡಿ ಪಲ್ಯದ ನಾರು ಬೆಳಿಗ್ಗೆ ಓಡುವಾಗ ಹೊಟ್ಟೆ ಕಲಕುತ್ತದೆ. ಅನ್ನ, ತೆಳ್ಳಗಿನ ಬೇಳೆ, ಆಲೂಗಡ್ಡೆ ಸಾಕು. ಬೆಳಿಗ್ಗೆ ಎರಡು-ಮೂರು ಗಂಟೆ ಮೊದಲು ಅವಲಕ್ಕಿ ಅಥವಾ ಬಾಳೆಹಣ್ಣು. ಒಂದು ಗಂಟೆಗಿಂತ ಹೆಚ್ಚು ಓಡುವುದಿದ್ದರೆ ದಾರಿಯಲ್ಲಿ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು, 35 ಗ್ರಾಂ ಬೆಲ್ಲದ ತುಂಡಿನಲ್ಲಿ 30. ಜೊತೆಗೆ ಉಪ್ಪು-ನಿಂಬೆ-ಸಕ್ಕರೆಯ ನೀರು. ಇದನ್ನೆಲ್ಲ ಓಟದ ದಿನವೇ ಮೊದಲ ಬಾರಿ ಪ್ರಯೋಗಿಸಬೇಡಿ, ವಾರದ ಉದ್ದದ ಅಭ್ಯಾಸದಲ್ಲಿ ನಿಮ್ಮ ಹೊಟ್ಟೆಗೆ ಯಾವುದು ಒಗ್ಗುತ್ತದೆ ನೋಡಿಕೊಳ್ಳಿ.

ನನ್ನ ತಮ್ಮ ಈಗ ಮತ್ತೆ ಓಡುತ್ತಿದ್ದಾನೆ. ಹಾಲಿಗೆ ಮರಳಿಲ್ಲ, ಅದು ಅವನಿಷ್ಟ. ವಾರಕ್ಕೊಂದು ಬಿ12 ಮಾತ್ರೆ ತಪ್ಪಿಸುವುದಿಲ್ಲ, ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12 ಪರೀಕ್ಷೆ ಮಾಡಿಸುತ್ತಾನೆ. ಆನೆ-ಕುದುರೆಯ ಫಾರ್ವರ್ಡ್ ಕಳೆದ ವಾರ ಮತ್ತೆ ಗುಂಪಿಗೆ ಬಂದಿತ್ತಂತೆ. ಈ ಸಲ ಅದರ ಕೆಳಗೆ ತನ್ನ ರಕ್ತ ಪರೀಕ್ಷೆಯ ಹಳೆಯ ವರದಿಯ ಫೋಟೊ ಹಾಕಿದ್ದಾನೆ.